ಒಂದೇ ಅನಿಲ, ಹಲವು ತಾಪಮಾನ: ಸೂಪರ್‌ನೋವಾ ಅವಶೇಷಗಳನ್ನು ಕ್ಷ-ಕಿರಣಗಳಲ್ಲಿ ಓದುವ ಬಗೆ

2024ರ ಜನವರಿ 5ರಂದು, ಕಕ್ಷೆ ಸೇರಿ ಇನ್ನೂ ನಾಲ್ಕೇ ದಿನವಾಗಿದ್ದ ಭಾರತದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಒಂದು ಉಪಕರಣ ಕ್ಯಾಸಿಯೋಪಿಯಾ ಎ ಎಂಬ ಸೂಪರ್‌ನೋವಾ ಅವಶೇಷದಿಂದ ತನ್ನ ಮೊದಲ ಬೆಳಕನ್ನು ಪಡೆಯಿತು. ಜಪಾನ್ ಮತ್ತು ಅಮೆರಿಕ ಜೊತೆಗೂಡಿ, ಯುರೋಪಿನ ನೆರವಿನಿಂದ ಹಾರಿಸಿದ್ದ, ಕ್ರಿಸಮ್ ಎಂದು ಉಚ್ಚರಿಸಲಾಗುವ ಎಕ್ಸ್‌ಆರ್‌ಐಎಸ್‌ಎಂ ಉಪಗ್ರಹದ ಮೊದಲ ಫಲಿತಾಂಶಗಳೂ ಅದೇ ದಿನ ಪ್ರಕಟವಾದವು. ಅವುಗಳಲ್ಲಿ ಒಂದು, ನಮ್ಮ ನೆರೆಯ ಪುಟ್ಟ ಗೆಲಾಕ್ಸಿಯಾದ ದೊಡ್ಡ ಮೆಗಲ್ಲಾನಿಕ್ ಮೋಡದಲ್ಲಿರುವ ಎನ್132ಡಿ ಎಂಬ ಇನ್ನೊಂದು ಸೂಪರ್‌ನೋವಾ ಅವಶೇಷದ ರೋಹಿತ, ಅಂದರೆ ಅದರ ಬೆಳಕನ್ನು ಶಕ್ತಿಗೆ ತಕ್ಕಂತೆ ಬಿಡಿಸಿಟ್ಟ ಪಟ್ಟಿಯಾಗಿತ್ತು. ದಿನಾಂಕ ಕೂಡಿಬಂದದ್ದು ಆಕಸ್ಮಿಕ. ಆದರೆ ಇಬ್ಬರೂ ಮೊದಲ ನೋಟಕ್ಕೆ ಸ್ಫೋಟಗೊಂಡ ನಕ್ಷತ್ರದ ಅವಶೇಷವನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. 1999ರಲ್ಲಿ ನಾಸಾದ ‘ಚಂದ್ರ’ ಎಂಬ ಹೆಸರಿನ ಕ್ಷ-ಕಿರಣ ಬಾಹ್ಯಾಕಾಶ ದೂರದರ್ಶಕ ತೆರೆದುಕೊಂಡಾಗ ಅದರ ಅಧಿಕೃತ ಮೊದಲ ಚಿತ್ರವೂ ಕ್ಯಾಸಿಯೋಪಿಯಾ ಎ ಅವಶೇಷದ್ದೇ ಆಗಿತ್ತು. ಈ ಅವಶೇಷಗಳು ಪ್ರಖರವಾಗಿವೆ, ಅವುಗಳ ರೋಹಿತದಲ್ಲಿ ಮೆಗ್ನೀಸಿಯಂ, ಸಿಲಿಕಾನ್, ಗಂಧಕ, ಆರ್ಗಾನ್, ಕ್ಯಾಲ್ಸಿಯಂ, ಕಬ್ಬಿಣಗಳ ರೇಖೆಗಳು ಸಾಲಾಗಿ ನಿಂತಿರುತ್ತವೆ, ಹಾಗಾಗಿ ಹೊಸ ಉಪಕರಣವನ್ನು ಒರೆಗೆ ಹಚ್ಚಲು ಇವಕ್ಕಿಂತ ಒಳ್ಳೆಯ ಒರೆಗಲ್ಲು ಸಿಗುವುದಿಲ್ಲ.

ವಿಚಿತ್ರವೆಂದರೆ, ಅಳತೆಗೋಲಾಗಿ ಬಳಸುವ ಈ ಅವಶೇಷಗಳ ಬಗ್ಗೆಯೇ ತೀರಾ ಸರಳವೆನಿಸುವ ಒಂದು ಪ್ರಶ್ನೆಗೆ ನೇರ ಉತ್ತರ ಕೊಡುವುದು ಕಷ್ಟ. ಆ ಅನಿಲ ಎಷ್ಟು ಬಿಸಿಯಾಗಿದೆ? ಎನ್132ಡಿಯ ಕಬ್ಬಿಣ ಸಾವಿರ ಕೋಟಿ ಕೆಲ್ವಿನ್ ತಾಪಮಾನದಲ್ಲಿದೆ ಎಂಬ ಸುದ್ದಿ 2024ರಲ್ಲಿ ಬಂತು. ಸೂರ್ಯನ ಗರ್ಭದ ತಾಪಮಾನವೇ ಸುಮಾರು ಒಂದೂವರೆ ಕೋಟಿ ಕೆಲ್ವಿನ್ ಎಂಬುದನ್ನು ನೆನೆದರೆ ಈ ಅಂಕಿ ಬೆಚ್ಚಿಬೀಳಿಸುತ್ತದೆ. ಆದರೆ ಅದೇ ಅವಶೇಷದಲ್ಲಿ, ಅದೇ ಕಬ್ಬಿಣದ ನಡುವೆ ಓಡಾಡುತ್ತಿರುವ ಎಲೆಕ್ಟ್ರಾನುಗಳ ತಾಪಮಾನ ಕೋಟಿಗಳ ಲೆಕ್ಕದಲ್ಲಿದೆಯೇ ಹೊರತು ಸಾವಿರ ಕೋಟಿಗಳ ಲೆಕ್ಕದಲ್ಲಿಲ್ಲ. ಎರಡೂ ಸರಿಯಾದ ಅಳತೆಗಳೇ. ಒಂದೇ ಪಾತ್ರೆಯಲ್ಲಿರುವ ನೀರಿಗೂ ಅದರಲ್ಲಿ ಕರಗಿದ ಉಪ್ಪಿಗೂ ಬೇರೆಬೇರೆ ತಾಪಮಾನವಿದೆ ಎಂದರೆ ಅಡುಗೆಮನೆಯಲ್ಲಿ ಯಾರೂ ನಂಬುವುದಿಲ್ಲ. ಇಲ್ಲಿ ಮಾತ್ರ ಅದನ್ನು ನಂಬಲೇಬೇಕಾಗುತ್ತದೆ. ಹೀಗೇಕೆ ಆಗುತ್ತದೆ, ಈಗ ಅದನ್ನು ಅಳೆಯುವುದು ಹೇಗೆ ಸಾಧ್ಯವಾಯಿತು, ಅಳೆದ ಮೇಲೂ ಏನು ಕಣ್ಣಿಗೆ ಬೀಳದೆ ಉಳಿದಿದೆ ಎಂಬುದು ಈ ಲೇಖನದ ವಿಷಯ.

ಸೂಪರ್‌ನೋವಾ ಸ್ಫೋಟದಲ್ಲಿ ನಕ್ಷತ್ರದ ಹೊರಪದರಗಳು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತವೆ. ಚಿಮ್ಮಿದ ಈ ದ್ರವ್ಯ ಸ್ಫೋಟದ ಕಾವಿನಿಂದಲೇ ನೂರಾರು ವರ್ಷ ಬಿಸಿಯಾಗಿರುತ್ತದೆ ಎಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ವಾಸ್ತವದಲ್ಲಿ ಅದು ಹಿಗ್ಗುತ್ತ ಹಿಗ್ಗುತ್ತ ಬೇಗನೆ ತಣ್ಣಗಾಗಿಬಿಡುತ್ತದೆ. ನಾವು ಇಂದು ಕಾಣುವ ಕ್ಷ-ಕಿರಣಗಳಿಗೆ ಕಾರಣವಾದ ಬಿಸಿ ಆಮೇಲೆ ಬಂದದ್ದು. ಹೊರಕ್ಕೆ ನುಗ್ಗುವ ದ್ರವ್ಯ ಸುತ್ತಲಿನ ವಿರಳ ಅನಿಲವನ್ನು ತಳ್ಳುತ್ತ ಹೋಗುವಾಗ ಮುಂದುಗಡೆ ಒಂದು ಆಘಾತ ತರಂಗ ಏಳುತ್ತದೆ. ತಳ್ಳಿಸಿಕೊಂಡ ಅನಿಲದ ಒತ್ತಡ ಹೆಚ್ಚಿದಂತೆ ಸಿಡಿದ ದ್ರವ್ಯದೊಳಕ್ಕೇ ಇನ್ನೊಂದು ಆಘಾತ ತರಂಗ ನುಗ್ಗುತ್ತದೆ. ಇದನ್ನು ಹಿಮ್ಮುಖ ಆಘಾತ ಎನ್ನುತ್ತಾರೆ. ಹೊರಗಿನದು ಸುತ್ತಲಿನ ಅನಿಲವನ್ನೂ ಹಿಮ್ಮುಖವಾದದ್ದು ನಕ್ಷತ್ರದ ಒಡಲಿನ ದ್ರವ್ಯವನ್ನೂ ಕಾಯಿಸುತ್ತದೆ. ನಕ್ಷತ್ರದೊಳಗೆ ಯಾವ ಧಾತು ಎಷ್ಟು ತಯಾರಾಗಿತ್ತು ಎಂದು ತಿಳಿಯಬೇಕಾದವರಿಗೆ ಬೇಕಾದದ್ದು ಈ ಎರಡನೆಯದು.

ಆಘಾತದ ವೇಗ ಗೊತ್ತಿದ್ದರೆ ತಾಪಮಾನದ ಲೆಕ್ಕ ಕಾಗದದ ಮೇಲೆ ಸುಲಭ. ಪ್ರತಿ ಕಣವೂ ತನ್ನ ದ್ರವ್ಯರಾಶಿ ಮತ್ತು ಆಘಾತ ವೇಗದ ವರ್ಗ ಇವೆರಡರ ಗುಣಲಬ್ಧಕ್ಕೆ ಅನುಗುಣವಾಗಿ ಕಾಯುತ್ತದೆ. ಸೆಕೆಂಡಿಗೆ 5000 ಕಿಲೋಮೀಟರ್ ವೇಗದ ಆಘಾತವನ್ನು ತೆಗೆದುಕೊಂಡರೆ, ಎಲ್ಲ ಕಣಗಳೂ ಶಕ್ತಿಯನ್ನು ಸಮನಾಗಿ ಹಂಚಿಕೊಂಡ ಪಕ್ಷದಲ್ಲಿ ಅನಿಲದ ತಾಪಮಾನ ಸುಮಾರು 34 ಕೋಟಿ ಕೆಲ್ವಿನ್ ಆಗಬೇಕು. ಹಂಚಿಕೊಳ್ಳಲೇ ಇಲ್ಲವೆಂದುಕೊಳ್ಳಿ, ಆಗ ಪ್ರೋಟಾನುಗಳು 57 ಕೋಟಿ ಕೆಲ್ವಿನ್‌ನಲ್ಲಿಯೂ, ಅವಕ್ಕಿಂತ 1836 ಪಟ್ಟು ಹಗುರವಾದ ಎಲೆಕ್ಟ್ರಾನುಗಳು ಬರೀ ಮೂರು ಲಕ್ಷ ಕೆಲ್ವಿನ್‌ನಲ್ಲಿಯೂ ಇರಬೇಕಾಗುತ್ತದೆ. ಪ್ರೋಟಾನಿಗಿಂತ 56 ಪಟ್ಟು ಭಾರವಾದ ಕಬ್ಬಿಣದ ಅಯಾನುಗಳ, ಅಂದರೆ ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಪರಮಾಣುಗಳ, ತಾಪಮಾನ ಅದೇ ಲೆಕ್ಕದಲ್ಲಿ ಸಾವಿರಾರು ಕೋಟಿಗೆ ಏರುತ್ತದೆ. ಎನ್132ಡಿಯ ಸಾವಿರ ಕೋಟಿ ಕೆಲ್ವಿನ್ ಎಂಬ ಅಂಕಿಯ ಹಿಂದಿರುವುದು ಇದೇ ತರ್ಕ: ಅದು ಕಬ್ಬಿಣದ ಭಾರಕ್ಕೆ ಸಂದ ಪಾಲು, ಇಡೀ ಅನಿಲದ ತಾಪಮಾನವಲ್ಲ.

ಹಾಗಾದರೆ ಇವು ಒಂದಕ್ಕೊಂದು ತಾಗಿ ಸಮಸ್ಥಿತಿಗೆ ಏಕೆ ಬರುವುದಿಲ್ಲ? ನಮ್ಮ ಕೋಣೆಯ ಗಾಳಿಯಲ್ಲಿ ಒಂದು ಘನ ಸೆಂಟಿಮೀಟರಿಗೆ ಇಪ್ಪತ್ತೈದರ ಮುಂದೆ ಹದಿನೆಂಟು ಸೊನ್ನೆಗಳನ್ನು ಬರೆಯಬೇಕಾಗುವಷ್ಟು ಅಣುಗಳಿವೆ. ಅವು ಕ್ಷಣಮಾತ್ರದಲ್ಲಿ ಅಸಂಖ್ಯ ಸಲ ಡಿಕ್ಕಿ ಹೊಡೆದು ಶಕ್ತಿಯನ್ನು ಹಂಚಿಕೊಳ್ಳುತ್ತವೆ. ಅವಶೇಷದ ಅನಿಲದಲ್ಲಾದರೋ ಅಷ್ಟೇ ಜಾಗದಲ್ಲಿ ಕೆಲವು ಕಣಗಳು, ದಟ್ಟವಾದೆಡೆ ಕೆಲವು ಹತ್ತು ಅಥವಾ ನೂರು ಕಣಗಳು ಇರುತ್ತವೆ. ದೀಪಾವಳಿಯ ಸುರುಸುರು ಬತ್ತಿಯ ಕಿಡಿ ಸಾವಿರ ಡಿಗ್ರಿ ದಾಟಿದ್ದರೂ ಮಗುವಿನ ಕೈಯನ್ನು ಸುಡದಿರುವುದು ಆ ಕಿಡಿಯಲ್ಲಿ ದ್ರವ್ಯ ಅತ್ಯಲ್ಪವಾಗಿರುವುದರಿಂದ. ಇಲ್ಲಿಯೂ ತಾಪಮಾನ ಅಪಾರ, ಆದರೆ ಕಣಗಳ ಸಂಖ್ಯೆ ಅತ್ಯಲ್ಪ. ಆಘಾತ ತರಂಗವೂ ಇಲ್ಲಿ ಕಣಗಳ ನೇರ ಡಿಕ್ಕಿಯಿಂದ ಉಂಟಾದದ್ದಲ್ಲ, ವಿದ್ಯುತ್ ಮತ್ತು ಕಾಂತಕ್ಷೇತ್ರಗಳ ತೊಳಲಾಟದಿಂದ ಉಂಟಾದದ್ದು. ಡಿಕ್ಕಿಯಿಲ್ಲದ ಆಘಾತ ಎಂದೇ ಅದನ್ನು ಕರೆಯುತ್ತಾರೆ. ಕಾದ ಮೇಲೆ ಎಲೆಕ್ಟ್ರಾನು ಮತ್ತು ಅಯಾನುಗಳು ನಿಧಾನವಾಗಿ ಶಕ್ತಿಯನ್ನು ಹಂಚಿಕೊಳ್ಳುತ್ತ ಒಂದೇ ತಾಪಮಾನಕ್ಕೆ ಬರಲು ಸಾವಿರಾರು ವರ್ಷಗಳು ಬೇಕು. ಕ್ಯಾಸಿಯೋಪಿಯಾ ಎ ಅವಶೇಷಕ್ಕೆ ನಾವು ಕಾಣುವಂತೆ ಸುಮಾರು 350 ವರ್ಷ ವಯಸ್ಸು. ಅದಕ್ಕೆ ಸಮಯ ಸಾಲದು.

ಇದು ತಾಪಮಾನದ ಮಾತಾಯಿತು. ಅಯಾನೀಕರಣಕ್ಕೆ ಬೇರೆಯದೇ ಗಡಿಯಾರವಿದೆ. ತಣ್ಣಗಿದ್ದ ಕಬ್ಬಿಣದ ಪರಮಾಣು ಆಘಾತದ ಗೆರೆಯನ್ನು ದಾಟಿದೊಡನೆ ತನ್ನ ಎಲೆಕ್ಟ್ರಾನುಗಳನ್ನೆಲ್ಲ ಕಳೆದುಕೊಂಡುಬಿಡುವುದಿಲ್ಲ. ಬಿಸಿ ಎಲೆಕ್ಟ್ರಾನೊಂದು ಬಂದು ಗುದ್ದಿದಾಗ ಒಂದು, ಇನ್ನೊಂದು ಬಂದಾಗ ಇನ್ನೊಂದು, ಹೀಗೆ ಒಂದೊಂದಾಗಿ ಕಳಚುತ್ತ ಹೋಗಬೇಕು. ಎಲೆಕ್ಟ್ರಾನುಗಳ ಸಾಂದ್ರತೆಯನ್ನೂ ಆಘಾತದ ನಂತರ ಕಳೆದ ಸೆಕೆಂಡುಗಳನ್ನೂ ಗುಣಿಸಿದಾಗ ಬರುವ ಸಂಖ್ಯೆ ಸುಮಾರು ಒಂದು ಲಕ್ಷ ಕೋಟಿಯನ್ನು ಮುಟ್ಟುವವರೆಗೆ ಈ ಕಳಚುವಿಕೆ ಪೂರ್ಣವಾಗುವುದಿಲ್ಲ. ಘನ ಸೆಂಟಿಮೀಟರಿಗೆ ಒಂದೇ ಎಲೆಕ್ಟ್ರಾನ್ ಇರುವ ಅನಿಲದಲ್ಲಿ ಇದರ ಅರ್ಥ ಮೂವತ್ತು ಸಾವಿರ ವರ್ಷ. ಆದ್ದರಿಂದ ಎಳೆಯ ಅವಶೇಷಗಳಲ್ಲಿ ಧಾತುಗಳು ತಮ್ಮ ತಾಪಮಾನಕ್ಕೆ ತಕ್ಕಷ್ಟು ಅಯಾನೀಕರಣಗೊಂಡಿರುವುದಿಲ್ಲ, ಹಿಂದೆ ಬಿದ್ದಿರುತ್ತವೆ. ತಾಪಮಾನವನ್ನು ತಿಳಿಯಲು ರೇಖೆಗಳ ಬಲಾಬಲವನ್ನಷ್ಟೇ ನೋಡಿದರೆ ಮೋಸಹೋಗುವ ಸಂಭವ ಹೆಚ್ಚು. ಆದರೆ ಇದೇ ಹಿಂದುಳಿಯುವಿಕೆ ಒಂದು ಉಪಕಾರವನ್ನೂ ಮಾಡುತ್ತದೆ: ಒಂದು ತುಣುಕು ಅನಿಲ ಎಷ್ಟು ಕಾಲದ ಹಿಂದೆ ಆಘಾತಕ್ಕೆ ಸಿಕ್ಕಿತು ಎಂಬ ಲೆಕ್ಕವನ್ನು ಅದು ತನ್ನೊಳಗೆ ಬರೆದಿಟ್ಟುಕೊಂಡಿರುತ್ತದೆ.

ಸ್ಫೋಟದ ಬಗೆಯನ್ನು ಗುರುತಿಸಲೂ ಇದು ನೆರವಾಗುತ್ತದೆ. ಜಪಾನಿನ ಸುಜಾಕು ಉಪಗ್ರಹದ ವೀಕ್ಷಣೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಕಬ್ಬಿಣದ ಮುಖ್ಯ ರೇಖೆಯ ಕೇಂದ್ರ ಸುಮಾರು 6550 ಎಲೆಕ್ಟ್ರಾನ್ ವೋಲ್ಟಿಗಿಂತ (ಇದು ಕ್ಷ-ಕಿರಣದ ಶಕ್ತಿಯನ್ನು ಅಳೆಯುವ ಮಾನ) ಕೆಳಗಿದ್ದರೆ ಅದು ಶ್ವೇತಕುಬ್ಜ, ಅಂದರೆ ಸೂರ್ಯನಂಥ ನಕ್ಷತ್ರ ಸತ್ತ ಮೇಲೆ ಉಳಿಯುವ ದಟ್ಟ ತಿರುಳು, ಸಿಡಿದ ಅವಶೇಷ, ಮೇಲಿದ್ದರೆ ಭಾರಿ ನಕ್ಷತ್ರದ ಗರ್ಭ ಕುಸಿದು ಸಿಡಿದ ಅವಶೇಷ ಎಂದು ಬಹುಮಟ್ಟಿಗೆ ವಿಂಗಡಿಸಬಹುದೆಂದು ತೋರಿಸಿತು. ಭಾರಿ ನಕ್ಷತ್ರಗಳು ಸಾಯುವ ಮೊದಲು ತಮ್ಮ ಸುತ್ತ ದಟ್ಟವಾದ ಅನಿಲವನ್ನು ಊದಿರುತ್ತವೆ, ಹಾಗಾಗಿ ಅಲ್ಲಿ ಕಬ್ಬಿಣ ಬೇಗ ಬೇಗ ಎಲೆಕ್ಟ್ರಾನುಗಳನ್ನು ಕಳಚಿಕೊಂಡಿರುತ್ತದೆ. ಅಯಾನೀಕರಣ ಹಿಂದೆ ಬೀಳುತ್ತದೆ ಎಂಬ ನಿಯಮಕ್ಕೆ ತಿರುವುಮುರುವಾದ ಉದಾಹರಣೆಗಳೂ ಇವೆ. ಐಸಿ 443 ಮತ್ತು ಡಬ್ಲ್ಯು49ಬಿ ಎಂಬ ಎರಡು ಅವಶೇಷಗಳಲ್ಲಿ ಧಾತುಗಳು ತಾಪಮಾನಕ್ಕೆ ತಕ್ಕಷ್ಟಕ್ಕಿಂತ ಹೆಚ್ಚು ಅಯಾನೀಕರಣಗೊಂಡಿರುವುದನ್ನು ಸುಜಾಕು 2009ರಲ್ಲಿ ಕಂಡಿತು. ಅಲ್ಲಿ ಅನಿಲ ಹಿಂದೊಮ್ಮೆ ಬಹಳ ಕಾದು, ಆಮೇಲೆ ಅಯಾನುಗಳು ಕಳಚಿಕೊಂಡ ಎಲೆಕ್ಟ್ರಾನುಗಳನ್ನು ಮರಳಿ ಹಿಡಿಯುವುದಕ್ಕಿಂತ ಬೇಗ ಎಲೆಕ್ಟ್ರಾನುಗಳು ತಣ್ಣಗಾಗಿವೆ. ಕಾರಣವೇನೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇಷ್ಟೆಲ್ಲ ಸಿದ್ಧಾಂತ ದಶಕಗಳಿಂದ ಗೊತ್ತಿದ್ದರೂ ಅಯಾನುಗಳ ತಾಪಮಾನವನ್ನು ನೇರವಾಗಿ ಅಳೆಯುವುದು ಮಾತ್ರ ಕೈಗೆಟುಕದ ಕೆಲಸವಾಗಿತ್ತು. ಕ್ಷ-ಕಿರಣ ರೋಹಿತದ ಒಟ್ಟಾರೆ ಇಳಿಜಾರು ಎಲೆಕ್ಟ್ರಾನುಗಳ ತಾಪಮಾನವನ್ನಷ್ಟೇ ಹೇಳುತ್ತದೆ. ಅಯಾನುಗಳ ತಾಪಮಾನ ಬೇಕಾದರೆ ರೇಖೆಯ ಅಗಲವನ್ನು ನೋಡಬೇಕು, ಏಕೆಂದರೆ ಅಯಾನುಗಳು ಅತ್ತಿತ್ತ ಓಡುವ ವೇಗಕ್ಕೆ ಅನುಗುಣವಾಗಿ ಡಾಪ್ಲರ್ ಪರಿಣಾಮದಿಂದ ರೇಖೆ ಹರಡಿಕೊಳ್ಳುತ್ತದೆ. ಸೆಕೆಂಡಿಗೆ 1200 ಕಿಲೋಮೀಟರ್ ವೇಗ 6700 ಎಲೆಕ್ಟ್ರಾನ್ ವೋಲ್ಟಿನ ಕಬ್ಬಿಣದ ರೇಖೆಯನ್ನು ಸರಿಸುವುದು ಕೇವಲ 27 ಎಲೆಕ್ಟ್ರಾನ್ ವೋಲ್ಟಿನಷ್ಟು. ಚಂದ್ರ, ಸುಜಾಕು, ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ ಇವುಗಳ ಚಿತ್ರ ತೆಗೆಯುವ ಸಿಸಿಡಿ ಸಂವೇದಕಗಳು ಆ ಶಕ್ತಿಯಲ್ಲಿ ಸುಮಾರು 130 ಎಲೆಕ್ಟ್ರಾನ್ ವೋಲ್ಟಿಗಿಂತ ಸೂಕ್ಷ್ಮವಾದದ್ದನ್ನು ಬಿಡಿಸಿ ನೋಡಲಾರವು. ಚಂದ್ರದಲ್ಲಿಯೂ ಎಕ್ಸ್‌ಎಂಎಂ-ನ್ಯೂಟನ್ನಿನಲ್ಲಿಯೂ ಸೂಕ್ಷ್ಮ ರೋಹಿತ ಕೊಡುವ ಜಾಲರಿಗಳಿವೆ ನಿಜ. ಆದರೆ ಆಕಾಶದಲ್ಲಿ ಹರಡಿಕೊಂಡ ಕಾಯದ ಮುಂದೆ ಅವುಗಳ ಆಟ ನಡೆಯದು, ಕಾಯದ ಆಕಾರವೂ ರೇಖೆಯ ಅಗಲವೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. 1987ರಲ್ಲಿ ಸಿಡಿದು ಇನ್ನೂ ಚುಕ್ಕಿಯಷ್ಟೇ ಇರುವ ಎಸ್‌ಎನ್ 1987ಎ ಅವಶೇಷದಲ್ಲಿ ಮಾತ್ರ ಚಂದ್ರದ ಜಾಲರಿ ಉಪಯೋಗಕ್ಕೆ ಬಂತು. ಅಲ್ಲಿ ಅಯಾನುಗಳ ತಾಪಮಾನ ಅವುಗಳ ದ್ರವ್ಯರಾಶಿಗೆ ಅನುಗುಣವಾಗಿ ಏರುತ್ತದೆ ಎಂದು ಇಟಲಿಯ ಮಾರ್ಕೊ ಮಿಚೆಲಿ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದರು.

ಹರಡಿಕೊಂಡ ಅವಶೇಷಗಳಲ್ಲಿಯೂ ಈ ಅಳತೆ ಸಾಧ್ಯವಾಗಬೇಕಾದರೆ ಬೇರೆಯೇ ಬಗೆಯ ಸಂವೇದಕ ಬೇಕಿತ್ತು. ಅದರ ತತ್ತ್ವ ಹೇಳಲು ಎಷ್ಟು ಸುಲಭವೋ ಮಾಡಲು ಅಷ್ಟೇ ಕಷ್ಟ. ಒಂದು ಕ್ಷ-ಕಿರಣ ಫೋಟಾನನ್ನು, ಅಂದರೆ ಬೆಳಕಿನ ಒಂದು ಕಣವನ್ನು, ಪುಟ್ಟ ಹರಳೊಂದು ನುಂಗಿದಾಗ ಆ ಹರಳು ಎಷ್ಟು ಬಿಸಿಯಾಯಿತು ಎಂದು ಅಳೆದು ಫೋಟಾನಿನ ಶಕ್ತಿಯನ್ನು ತಿಳಿಯುವುದು. ಒಂದೇ ಒಂದು ಫೋಟಾನಿನಿಂದ ಏರುವ ಬಿಸಿ ಕಾಣಿಸಬೇಕಾದರೆ ಹರಳನ್ನು ನಿರಪೇಕ್ಷ ಶೂನ್ಯಕ್ಕಿಂತ ಬರೀ 0.05 ಕೆಲ್ವಿನ್ ಮೇಲೆ ಇಡಬೇಕು. ಸಾವಿರ ಕೋಟಿ ಕೆಲ್ವಿನ್ ತಾಪಮಾನವನ್ನು ಅಳೆಯಲು ವಿಶ್ವದಲ್ಲಿಯೇ ಅತಿ ತಣ್ಣನೆಯ ವಸ್ತುಗಳಲ್ಲಿ ಒಂದನ್ನು ಕಕ್ಷೆಯಲ್ಲಿ ಇರಿಸಿಕೊಳ್ಳಬೇಕಾದ ಪಾಡು ಇದು.

ಈ ಸಂವೇದಕ ಪಟ್ಟ ಪಾಡೂ ಹೇಳಿಕೊಳ್ಳುವಂಥದ್ದೇ. ಅದನ್ನು ಹೊತ್ತ ಮೊದಲ ಉಪಗ್ರಹ ಅಸ್ಟ್ರೋ-ಇ 2000ದ ಫೆಬ್ರುವರಿಯಲ್ಲಿ ರಾಕೆಟ್ ವೈಫಲ್ಯದಿಂದ ಕಕ್ಷೆಯನ್ನೇ ಸೇರಲಿಲ್ಲ. 2005ರ ಜುಲೈನಲ್ಲಿ ಹಾರಿದ ಸುಜಾಕು ಕಕ್ಷೆ ಸೇರಿತು, ಸಂವೇದಕವೂ ತಣ್ಣಗಾಯಿತು. ಆದರೆ ವೀಕ್ಷಣೆ ಆರಂಭವಾಗುವ ಮೊದಲೇ, ಆಗಸ್ಟಿನಲ್ಲಿ, ತಂಪು ಮಾಡುವ ದ್ರವ ಹೀಲಿಯಂ ಆವಿಯಾಗಿ ಹೋಯಿತು. ಸುಜಾಕುವಿನ ಹೆಸರಿನಲ್ಲಿ ಮೇಲೆ ಹೇಳಿದ ಸಾಧನೆಗಳೆಲ್ಲ ಉಳಿದ ಸಂವೇದಕಗಳಿಂದ ಬಂದವು. 2016ರ ಫೆಬ್ರುವರಿ 17ರಂದು ಹಾರಿದ ಹಿಟೊಮಿ ಮೂರನೆಯ ಪ್ರಯತ್ನ. ಅದು ಪರ್ಸಿಯಸ್ ಗೆಲಾಕ್ಸಿ ಸಮೂಹದ ಬಿಸಿ ಅನಿಲವನ್ನು ಅದ್ಭುತವಾಗಿ ಅಳೆಯಿತು, ಮಾರ್ಚ್ 26ರಂದು ದಿಕ್ಕು ನಿಯಂತ್ರಣ ತಪ್ಪಿ ಗಿರಗಿರನೆ ತಿರುಗಿ ಒಡೆದುಹೋಯಿತು. ಅದಕ್ಕೂ ಮೊದಲು ಅದು ಎನ್132ಡಿಯ ಕಡೆ ತಿರುಗಿದ್ದಾಗ ಅವಶೇಷ ಅದರ ದೃಷ್ಟಿಯಲ್ಲಿ ಉಳಿದದ್ದು ಒಂದು ಗಂಟೆಯಷ್ಟು ಕಾಲ ಮಾತ್ರ. ಆ ಒಂದು ಗಂಟೆಯಲ್ಲಿ ಕಬ್ಬಿಣದ ರೇಖೆಯಿಂದ ಸಿಕ್ಕಿದ್ದು ಹದಿನಾರು-ಹದಿನೇಳು ಫೋಟಾನುಗಳು. ಇಷ್ಟರಿಂದಲೇ ಆ ಕಬ್ಬಿಣ ನಮ್ಮಿಂದ ದೂರ ಸರಿಯುವ ದಿಕ್ಕಿನಲ್ಲಿ ಓಡುತ್ತಿದೆ ಎಂದು ಹಿಟೊಮಿ ತಂಡದ ವಿಜ್ಞಾನಿಗಳು ತೋರಿಸಿದರು. ನನಗೆ ಆ ಸಾವಿರ ಕೋಟಿ ಕೆಲ್ವಿನ್‌ನ ಅಂಕಿಗಿಂತ ಈ ಹದಿನಾರು ಫೋಟಾನುಗಳೇ ಹೆಚ್ಚು ಬೆರಗಿನವು: ಸಾಧಾರಣ ಸಿಸಿಡಿಗೆ ಹದಿನಾರು ಫೋಟಾನೆಂದರೆ ಏನೂ ಅಲ್ಲ, ಪ್ರತಿ ಫೋಟಾನಿನ ಶಕ್ತಿಯನ್ನು ಐದು ಎಲೆಕ್ಟ್ರಾನ್ ವೋಲ್ಟಿನ ಒಳಗೆ ಹೇಳಬಲ್ಲ ಸಂವೇದಕಕ್ಕೆ ಅದು ಒಂದು ಪ್ರಬಂಧಕ್ಕೆ ಸಾಕಾಯಿತು.

2023ರ ಸೆಪ್ಟೆಂಬರ್ 7ರಂದು ತನೆಗಾಶಿಮಾದಿಂದ ಹಾರಿದ ಕ್ರಿಸಮ್ ಅದೇ ಸಂವೇದಕದ ನಾಲ್ಕನೆಯ ಅವತಾರ. ಅದರ ರಿಸಾಲ್ವ್ ಉಪಕರಣದಲ್ಲಿರುವುದು ಆರು ಸಾಲು, ಆರು ಕಂಬಗಳ 36 ಚುಕ್ಕಿಗಳು. ಎನ್132ಡಿ ನಮ್ಮಿಂದ ಸುಮಾರು 1,60,000 ಜ್ಯೋತಿರ್ವರ್ಷ ದೂರದಲ್ಲಿದ್ದು, ಸುಮಾರು 3000 ವರ್ಷ ವಯಸ್ಸಿನದೆಂದು ಅಂದಾಜು. ಅದು ದುಂಡನೆಯ ಗುಳ್ಳೆಯಂತೆ ಹಿಗ್ಗುತ್ತಿದೆಯೆಂಬ ಹಳೆಯ ಕಲ್ಪನೆ ಈಗ ಬಿದ್ದುಹೋಗಿದೆ. ಕಾದ ಅನಿಲ ಸೆಕೆಂಡಿಗೆ ಸುಮಾರು 1200 ಕಿಲೋಮೀಟರ್ ವೇಗದಲ್ಲಿ ನಮ್ಮತ್ತಲೂ ನಮ್ಮಿಂದಾಚೆಗೂ ಸಾಗುತ್ತಿರುವುದು ರೇಖೆಗಳಿಂದ ತಿಳಿದು, ಒಟ್ಟು ರಚನೆ ಉದ್ದಿನವಡೆಯ ಹಾಗೆ ನಡುವೆ ತೂತಿರುವ ಬಳೆಯ ಆಕಾರದ್ದು ಎಂಬ ತೀರ್ಮಾನಕ್ಕೆ ವಿಜ್ಞಾನಿಗಳು ಬಂದರು. ಸಿಲಿಕಾನ್, ಗಂಧಕಗಳ ರೇಖೆಗಳು ಒಂದು ಕಥೆ ಹೇಳಿದರೆ, ತುಂಬ ಅಗಲವಾಗಿ ಹರಡಿದ ಕಬ್ಬಿಣದ ರೇಖೆ ಇನ್ನೊಂದು ಕಥೆ ಹೇಳಿತು: ಈ ಕಬ್ಬಿಣ ಹಿಮ್ಮುಖ ಆಘಾತಕ್ಕೆ ಸಿಕ್ಕ, ನಕ್ಷತ್ರದ ಒಡಲಿನದೇ ಆದ ದ್ರವ್ಯ.

ಇಲ್ಲೊಂದು ಎಚ್ಚರಿಕೆ ಅಗತ್ಯ. ರೇಖೆ ಅಗಲವಾಗಲು ಅಯಾನುಗಳ ಬಿಸಿಯೊಂದೇ ಕಾರಣವಾಗಬೇಕಿಲ್ಲ. ಒಂದೇ ನೋಟದ ಗೆರೆಯಲ್ಲಿ ಕೆಲವು ತುಣುಕುಗಳು ನಮ್ಮತ್ತ, ಕೆಲವು ಆಚೆಗೆ ಓಡುತ್ತಿದ್ದರೂ ರೇಖೆ ಅಗಲವಾಗುತ್ತದೆ. ಕ್ರಿಸಮ್ ಕನ್ನಡಿಯ ದೃಷ್ಟಿ ಒಂದು ಕಲಾನಿಮಿಷಕ್ಕಿಂತ, ಅಂದರೆ ಡಿಗ್ರಿಯ ಅರವತ್ತರಲ್ಲಿ ಒಂದು ಪಾಲಿಗಿಂತ, ಸೂಕ್ಷ್ಮವಾದದ್ದನ್ನು ಬಿಡಿಸಿ ತೋರಿಸಲಾರದು. ಅದರ ನೂರಿಪ್ಪತ್ತರಲ್ಲಿ ಒಂದು ಪಾಲಿನವರೆಗೆ ನೋಡಬಲ್ಲ ಚಂದ್ರದ ಮುಂದೆ ಅದು ಹೆಚ್ಚುಕಡಿಮೆ ಕುರುಡು. ಸಂಗೀತದ ಮಾತಿನಲ್ಲಿ ಹೇಳುವುದಾದರೆ ಕ್ರಿಸಮ್‌ಗೆ ಕಿವಿ ಚುರುಕು, ಶ್ರುತಿಯ ಕೂದಲೆಳೆಯ ವ್ಯತ್ಯಾಸವನ್ನೂ ಹಿಡಿಯುತ್ತದೆ, ಆದರೆ ಹಾಡುತ್ತಿರುವವರು ವೇದಿಕೆಯ ಯಾವ ಮೂಲೆಯಲ್ಲಿದ್ದಾರೆಂದು ಹೇಳಲಾರದು. ಚಂದ್ರಕ್ಕೆ ಒಬ್ಬೊಬ್ಬರ ಮುಖವೂ ಕಾಣುತ್ತದೆ, ಶ್ರುತಿ ಮಾತ್ರ ತಿಳಿಯದು. ಹಾಗಾಗಿ ಅಯಾನು ತಾಪಮಾನದ ಪ್ರತಿಯೊಂದು ಅಂಕಿಯೂ ಅನಿಲ ಹೇಗೆ ಹರಡಿದೆ ಎಂಬ ಒಂದು ಊಹೆಯ ಮೇಲೆ ನಿಂತಿರುತ್ತದೆ. ಸುದ್ದಿಯ ತಲೆಬರಹದಲ್ಲಿ ಆ ಊಹೆ ಕಾಣಿಸುವುದಿಲ್ಲ.

ಕ್ಯಾಸಿಯೋಪಿಯಾ ಎ ಅವಶೇಷದ ವಿಷಯದಲ್ಲಿ ಚಂದ್ರದ ಕಣ್ಣು ಮತ್ತು ಕ್ರಿಸಮ್‌ನ ಕಿವಿ ಎರಡೂ ಒಂದೆಡೆ ಸೇರಿವೆ. ಕನ್ನಡದಲ್ಲಿ ಕುಂತಿ ಎಂಬ ಹೆಸರೂ ಇರುವ ನಕ್ಷತ್ರಪುಂಜದ ದಿಕ್ಕಿನಲ್ಲಿ, ಸುಮಾರು 11,000 ಜ್ಯೋತಿರ್ವರ್ಷ ದೂರದಲ್ಲಿರುವ ಈ ಅವಶೇಷವನ್ನು ಚಂದ್ರ ಕಾಲು ಶತಮಾನದಿಂದ ಮತ್ತೆ ಮತ್ತೆ ನೋಡುತ್ತ ಬಂದಿದೆ. ಅದರಲ್ಲಿ ಸೂರ್ಯನ ಮೂರು ಪಟ್ಟು ತೂಕದಷ್ಟು ಆಮ್ಲಜನಕವೂ, ಭೂಮಿಯ ಸುಮಾರು 70,000 ಪಟ್ಟು ತೂಕದಷ್ಟು ಕಬ್ಬಿಣವೂ ಇದೆಯೆಂದು ಲೆಕ್ಕ ಹಾಕಲಾಗಿದೆ. ನಕ್ಷತ್ರದ ಗರ್ಭದಲ್ಲಿ ಹುಟ್ಟಿದ ಕಬ್ಬಿಣ ಒಳಗಿರಬೇಕಿತ್ತು, ಅದರ ಹೊರಗೆ ಸಿಲಿಕಾನ್ ಇರಬೇಕಿತ್ತು. ಆಗ್ನೇಯ ಭಾಗದಲ್ಲಿ ಕಬ್ಬಿಣ ಸಿಲಿಕಾನನ್ನು ದಾಟಿ ಹೊರಗೆ ಬಂದಿರುವುದು 2000ದಲ್ಲಿಯೇ ಕಂಡಿತ್ತು. ಸ್ಫೋಟ ಒಳಗಿನದನ್ನು ಹೊರಕ್ಕೆ ಬುಗ್ಗೆಯಂತೆ ಉಕ್ಕಿಸಿದೆ ಎಂಬುದು ಅದರ ಅರ್ಥ. ಸ್ಫೋಟಕ್ಕೆ ಮುಂಚಿನ ಕೊನೆಯ ಗಂಟೆಗಳಲ್ಲಿಯೇ ನಕ್ಷತ್ರದ ಒಳಪದರಗಳು ಕಲಕಿಹೋಗಿದ್ದವು ಎಂಬ ವಾದವನ್ನು 2025ರಲ್ಲಿ ಮೇಜಿ ವಿಶ್ವವಿದ್ಯಾಲಯದ ತೋಶಿಕಿ ಸಾತೊ ಮತ್ತು ಸಂಗಡಿಗರು ಚಂದ್ರದ ದತ್ತಾಂಶದಿಂದಲೇ ಮಂಡಿಸಿದರು. ಸಿಲಿಕಾನ್ ಹೆಚ್ಚಿರುವ ದ್ರವ್ಯ ಹೊರಕ್ಕೂ ನಿಯಾನ್ ಹೆಚ್ಚಿರುವ ದ್ರವ್ಯ ಒಳಕ್ಕೂ ಹೋಗಿರುವುದು ಅವರ ಆಧಾರ.

ಅದೇ ವರ್ಷದ ಡಿಸೆಂಬರಿನಲ್ಲಿ ಕ್ರಿಸಮ್ ತಂಡ ಪ್ರಕಟಿಸಿದ ಫಲಿತಾಂಶ ಇದಕ್ಕೆ ಹೊಂದಿಕೊಳ್ಳುವಂಥದ್ದು. ಕ್ಯಾಸಿಯೋಪಿಯಾ ಎ ಐದು ಕಲಾನಿಮಿಷ ಅಗಲದ್ದು, ಮೂರು ಕಲಾನಿಮಿಷದ ರಿಸಾಲ್ವ್ ನೋಟದಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಎರಡು ಕಡೆ ಗುರಿಯಿಟ್ಟು ನೋಡಿದರು. ಗಂಧಕ, ಆರ್ಗಾನ್, ಕ್ಯಾಲ್ಸಿಯಂಗಳ ದೊಡ್ಡ ರೇಖೆಗಳ ಸಂದಿಯಲ್ಲಿ ಅಡಗಿದ್ದ ಕ್ಲೋರಿನ್ ಮತ್ತು ಪೊಟ್ಯಾಸಿಯಂಗಳ ಸಣ್ಣ ರೇಖೆಗಳು ಆಗ ಸಿಕ್ಕವು. ನಕ್ಷತ್ರಗಳ ಒಳಗೆ ಸಮಸಂಖ್ಯೆಯ ಪ್ರೋಟಾನುಗಳಿರುವ ಧಾತುಗಳು ಸುಲಭವಾಗಿ ತಯಾರಾಗುತ್ತವೆ. ಬೆಸಸಂಖ್ಯೆಯವು, ಅಂದರೆ 17 ಪ್ರೋಟಾನುಗಳ ಕ್ಲೋರಿನ್, 19 ಪ್ರೋಟಾನುಗಳ ಪೊಟ್ಯಾಸಿಯಂ ಮುಂತಾದವು ಕಡಿಮೆ. ಅಡುಗೆಯ ಉಪ್ಪಿನಲ್ಲಿಯೂ ಎಳನೀರಿನಲ್ಲಿಯೂ ಧಾರಾಳವಾಗಿ ಸಿಗುವ ಈ ಧಾತುಗಳು ಎಲ್ಲಿ ಅಷ್ಟೊಂದು ಪ್ರಮಾಣದಲ್ಲಿ ತಯಾರಾದವು ಎಂಬುದಕ್ಕೆ ಸಾಧಾರಣ ಸೂಪರ್‌ನೋವಾ ಮಾದರಿಗಳು ಸಾಕಷ್ಟು ಉತ್ತರ ಕೊಡುತ್ತಿರಲಿಲ್ಲ. ಕ್ಯಾಸಿಯೋಪಿಯಾ ಎ ಅವಶೇಷದಲ್ಲಿ ಅವು ಆ ಮಾದರಿಗಳು ಹೇಳಿದ್ದಕ್ಕಿಂತ ಹೆಚ್ಚಾಗಿವೆ. ನಕ್ಷತ್ರದ ವೇಗವಾದ ಆವರ್ತನೆಯೋ, ಜೊತೆಯ ನಕ್ಷತ್ರದ ಪ್ರಭಾವವೋ, ಒಳಪದರಗಳು ಒಂದರಲ್ಲೊಂದು ಬೆರೆತದ್ದೋ ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಹೇಳುತ್ತಾರೆ. ಪದರಗಳ ಬೆರಕೆಗೆ ಚಂದ್ರವೂ ಸಾಕ್ಷಿ ನುಡಿದಿರುವುದರಿಂದ ಆ ಕಡೆಗೇ ತಕ್ಕಡಿ ವಾಲುತ್ತಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಒಂದೇ ಅವಶೇಷದಿಂದ ಇಡೀ ಗೆಲಾಕ್ಸಿಯ ಪೊಟ್ಯಾಸಿಯಂ ಲೆಕ್ಕವನ್ನು ಮುಗಿಸುವಂತಿಲ್ಲ.

ಈ ಎಲ್ಲ ಅಳತೆಗಳಿಗೂ ಒಂದು ಮಿತಿಯಿದೆ, ಅದು ಉಪಕರಣದ್ದಲ್ಲ. ಬಿಸಿ ಅನಿಲದ ರೇಖೆಗಳು ಹೇಳುವುದು ಆಘಾತಕ್ಕೆ ಸಿಕ್ಕ ದ್ರವ್ಯದ ಬಗ್ಗೆ ಮಾತ್ರ. ಹಿಮ್ಮುಖ ಆಘಾತ ಇನ್ನೂ ಮುಟ್ಟದ ನಡುಭಾಗದಲ್ಲಿ ಕಬ್ಬಿಣವಿದ್ದರೂ ಅದು ತಣ್ಣಗಿರುವುದರಿಂದ ಕ್ಷ-ಕಿರಣದ ರೇಖೆಗಳಲ್ಲಿ ಕಾಣಿಸದು. 2012ರಲ್ಲಿ ಹಾರಿದ ನುಸ್ಟಾರ್ ದೂರದರ್ಶಕ ಇದನ್ನು ಎದ್ದು ಕಾಣುವಂತೆ ಮಾಡಿತು. ಅದು ಹುಡುಕಿದ್ದು ಟೈಟಾನಿಯಂ-44 ಎಂಬ ವಿಕಿರಣಶೀಲ ಐಸೊಟೋಪನ್ನು. ಸುಮಾರು 60 ವರ್ಷದ ಅರ್ಧಾಯುವಿನ ಈ ಐಸೊಟೋಪ್ ಕ್ಷಯಿಸುವಾಗ ಹೊಮ್ಮುವ 68 ಮತ್ತು 78 ಸಾವಿರ ಎಲೆಕ್ಟ್ರಾನ್ ವೋಲ್ಟಿನ ಕಿರಣಗಳಿಗೆ ಅನಿಲ ಬಿಸಿಯೋ ತಣ್ಣಗೋ ಎಂಬುದರ ಹಂಗಿಲ್ಲ. ಟೈಟಾನಿಯಂ-44 ಮತ್ತು ಕಬ್ಬಿಣ ನಕ್ಷತ್ರದ ಗರ್ಭದಲ್ಲಿ ಒಟ್ಟೊಟ್ಟಿಗೆ ತಯಾರಾಗಬೇಕು. ಆದರೆ 2014ರಲ್ಲಿ ಪ್ರಕಟವಾದ ನಕ್ಷೆಯಲ್ಲಿ ಟೈಟಾನಿಯಂ ಇದ್ದ ಕಡೆ ಕಬ್ಬಿಣದ ಕ್ಷ-ಕಿರಣಗಳಿಲ್ಲ, ಕಬ್ಬಿಣ ಹೊಳೆಯುವ ಕಡೆ ಟೈಟಾನಿಯಂ ಇಲ್ಲ. ಕಬ್ಬಿಣದ ಒಂದು ಭಾಗ ಒಳಗೆ ತಣ್ಣಗೆ ಕುಳಿತಿರಬಹುದು, ಇಲ್ಲವೇ ಎರಡೂ ಒಟ್ಟಿಗೆ ಹುಟ್ಟುತ್ತವೆಂಬ ನಮ್ಮ ತಿಳಿವಳಿಕೆಯಲ್ಲಿಯೇ ದೋಷವಿರಬಹುದು. ಆದ್ದರಿಂದ ಮೇಲೆ ಹೇಳಿದ 70,000 ಭೂಮಿಗಳಷ್ಟು ಕಬ್ಬಿಣ ಎಂಬ ಲೆಕ್ಕವನ್ನು ಕಾದ ಕಬ್ಬಿಣದ ಲೆಕ್ಕವೆಂದು ಓದಿಕೊಳ್ಳುವುದು ಒಳ್ಳೆಯದು.

ಇನ್ನು ಹೊರ ಅಂಚಿನ ತೆಳುವಾದ ನೀಲಿ ಎಳೆಗಳು, ಚಂದ್ರದ ಚಿತ್ರಗಳಲ್ಲಿ ಅತ್ಯಂತ ಸುಂದರವಾಗಿ ಕಾಣುವ ಭಾಗ, ಬಿಸಿ ಅನಿಲದವೇ ಅಲ್ಲ. ಅವು ಕಾಂತಕ್ಷೇತ್ರದಲ್ಲಿ ಸುತ್ತುವ ಅತಿವೇಗದ ಎಲೆಕ್ಟ್ರಾನುಗಳ ಬೆಳಕು. 1006ರ ಸೂಪರ್‌ನೋವಾದ ಅವಶೇಷದಲ್ಲಿ ಇದನ್ನು ಜಪಾನಿನ ಅಸ್ಕಾ ಉಪಗ್ರಹದ ವೀಕ್ಷಣೆಗಳು 1995ರಲ್ಲಿ ಖಚಿತಪಡಿಸಿದವು. 2021ರಲ್ಲಿ ಹಾರಿದ ಇಕ್ಸ್‌ಪಿ ಉಪಗ್ರಹ ಕ್ಯಾಸಿಯೋಪಿಯಾ ಎ ಅವಶೇಷದಲ್ಲಿ ಇದರ ಧ್ರುವೀಕರಣವನ್ನೂ, ಅಂದರೆ ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಎಷ್ಟರಮಟ್ಟಿಗೆ ಕಂಪಿಸುತ್ತವೆ ಎಂಬುದನ್ನೂ, ಅಳೆದಿದೆ. ಆಘಾತದ ಶಕ್ತಿಯ ಒಂದು ಪಾಲು ಅನಿಲವನ್ನು ಕಾಯಿಸುವ ಬದಲು ವಿಶ್ವಕಿರಣಗಳನ್ನು ಹುರಿದುಂಬಿಸಲು ಹೋಗುತ್ತದೆ ಎಂಬುದು ತಾಪಮಾನದ ಲೆಕ್ಕಕ್ಕೆ ಇನ್ನೊಂದು ತೊಡಕು.

ಬೆಂಗಳೂರಿನ ಪಾಲು ಇಲ್ಲಿ ಎಷ್ಟು ಎಂದು ಓದುಗರು ಕೇಳಬಹುದು. ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಉಪಕರಣವನ್ನು ಕಟ್ಟಿದ್ದು ರಾಮನ್ ಸಂಶೋಧನಾ ಸಂಸ್ಥೆ, ಎಕ್ಸ್‌ಸ್ಪೆಕ್ಟ್ ಉಪಕರಣವನ್ನು ಯು.ಆರ್. ರಾವ್ ಉಪಗ್ರಹ ಕೇಂದ್ರ, ಎರಡೂ ಇಲ್ಲಿಯವೇ. ಕ್ಯಾಸಿಯೋಪಿಯಾ ಎ ಅವಶೇಷದಲ್ಲಿ ಮೆಗ್ನೀಸಿಯಂನಿಂದ ಕಬ್ಬಿಣದವರೆಗಿನ ರೇಖೆಗಳನ್ನು ಎಕ್ಸ್‌ಸ್ಪೆಕ್ಟ್ ಗುರುತಿಸಿದ್ದು ಅದರ ಆರೋಗ್ಯವನ್ನು ಸಾರಿತು. ಆದರೆ ಇಡೀ ಅವಶೇಷದ ಬೆಳಕನ್ನು ಒಟ್ಟಾಗಿ ತೆಗೆದುಕೊಳ್ಳುವ, ಚಿತ್ರ ರಚಿಸದ ಉಪಕರಣವದು. ಕಪ್ಪುಕುಳಿ ಮತ್ತು ನ್ಯೂಟ್ರಾನ್ ನಕ್ಷತ್ರಗಳ ಬೆಳಕನ್ನು ದೀರ್ಘಕಾಲ ಬಿಡದೆ ನೋಡುವುದಕ್ಕೆಂದು ಮಾಡಿದ್ದು. ಅದರಿಂದ ಅಯಾನುಗಳ ತಾಪಮಾನವನ್ನು ನಿರೀಕ್ಷಿಸುವುದು ಅನ್ಯಾಯ. ಅವಶೇಷ ಅದಕ್ಕೆ ಒರೆಗಲ್ಲು ಮಾತ್ರ.

ಅವಶೇಷಗಳ ಅಧ್ಯಯನದ ಮುಂದಿನ ದಿನಗಳನ್ನು ನಿರ್ಧರಿಸುವುದು ಎರಡು ಹಳೆಯ ಕೊರತೆಗಳು. ಮೊದಲನೆಯದು ಚಂದ್ರದ ವಯಸ್ಸು. ಅದರ ಮುಖ್ಯ ಸಂವೇದಕದ ಮುಂದಿರುವ, ಬೆಳಕು ಸೋಸುವ ತೆಳುಪರದೆಯ ಮೇಲೆ ವರ್ಷಗಳಿಂದ ಕೂಡಿಕೊಂಡ ಕಲ್ಮಶದ ಪದರ ಕಡಿಮೆ ಶಕ್ತಿಯ ಕ್ಷ-ಕಿರಣಗಳನ್ನು ತಡೆಯುತ್ತಿದೆ. ಇದರ ಮೇಲೆ, 2024ರ ಮಾರ್ಚಿನಲ್ಲಿ ಅಮೆರಿಕದ ಮುಂಗಡಪತ್ರದ ಪ್ರಸ್ತಾವದಲ್ಲಿ ಚಂದ್ರದ ವಾರ್ಷಿಕ ಅನುದಾನವನ್ನು ಸುಮಾರು 6.8 ಕೋಟಿ ಡಾಲರಿನಿಂದ 4.1 ಕೋಟಿ ಡಾಲರಿಗೆ ಇಳಿಸುವ ಸೂಚನೆ ಬಂದು ಖಗೋಳವಿಜ್ಞಾನಿಗಳ ಪ್ರತಿಭಟನೆಗೆ ಕಾರಣವಾಯಿತು. ಅದರ ಜಾಗ ತುಂಬಬಹುದಾದ ಆಕ್ಸಿಸ್ ಎಂಬ ಯೋಜನೆಯನ್ನು ನಾಸಾ 2024ರ ಅಕ್ಟೋಬರಿನಲ್ಲಿ ಆರಿಸಿಕೊಂಡದ್ದು ಹೆಚ್ಚಿನ ಪರಿಶೀಲನೆಗಾಗಿ ಮಾತ್ರ. ಕಣ್ಣೂ ಕಿವಿಯೂ ಒಂದರಲ್ಲೇ ಸೇರಿ ಕ್ರಿಸಮ್‌ಗಿಂತ ಚುರುಕಾಗಿರುವ ಯುರೋಪಿನ ನ್ಯೂಅಥೀನಾ ದೂರದರ್ಶಕ 2037ರ ಸುಮಾರಿಗೆ ಹಾರಬೇಕೆಂಬ ಯೋಜನೆಯಿದೆ. ಅಲ್ಲಿಯವರೆಗೆ ಚಂದ್ರ ಬಾಳದಿದ್ದರೆ ಕ್ರಿಸಮ್ ಕೇಳಿಸಿಕೊಂಡ ಹಾಡಿಗೆ ಮುಖ ಹೊಂದಿಸುವವರು ಇರುವುದಿಲ್ಲ.

ಎರಡನೆಯದು ಕ್ರಿಸಮ್‌ನ ಬಾಗಿಲು. ಉಡಾವಣೆಯ ಸಮಯದಲ್ಲಿ ತಣ್ಣನೆಯ ಸಂವೇದಕವನ್ನು ಕಾಪಾಡಲು ಅದರ ಮುಂದೆ ಬೆರಿಲಿಯಂ ಕಿಟಕಿಯಿರುವ ಒಂದು ಕವಾಟವನ್ನು ಮುಚ್ಚಿಡಲಾಗಿತ್ತು. ಕಕ್ಷೆಯಲ್ಲಿ ಅದು ತೆರೆಯಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದ ಮೇಲೆ, ಮುಚ್ಚಿದ ಸ್ಥಿತಿಯಲ್ಲೇ ವೀಕ್ಷಣೆ ಆರಂಭಿಸಲು ಜಪಾನಿನ ಅಂತರಿಕ್ಷ ಸಂಸ್ಥೆ ನಿರ್ಧರಿಸಿತು. 300 ಎಲೆಕ್ಟ್ರಾನ್ ವೋಲ್ಟಿನಿಂದ ನೋಡಬೇಕಾಗಿದ್ದ ಉಪಕರಣ ಇದರಿಂದ ಸುಮಾರು 1700 ಎಲೆಕ್ಟ್ರಾನ್ ವೋಲ್ಟಿನ ಮೇಲಿನದನ್ನಷ್ಟೇ ನೋಡುತ್ತಿದೆ. ಗೆಲಾಕ್ಸಿ ಸಮೂಹಗಳ ಕಬ್ಬಿಣವನ್ನು ನೋಡುವವರಿಗೆ ಇದರಿಂದ ಆಗುವ ನಷ್ಟ ಕಡಿಮೆ. ಅವಶೇಷಗಳನ್ನು ನೋಡುವವರಿಗೆ ಮಾತ್ರ ಇದು ದೊಡ್ಡ ಪೆಟ್ಟು, ಏಕೆಂದರೆ 1860 ಎಲೆಕ್ಟ್ರಾನ್ ವೋಲ್ಟಿನ ಸಿಲಿಕಾನ್ ರೇಖೆ ಈಚೆಗೆ ಉಳಿಯಿತು. 1350ರ ಮೆಗ್ನೀಸಿಯಂ, 920ರ ನಿಯಾನ್, 570 ಮತ್ತು 650ರ ಆಮ್ಲಜನಕ, ಕಬ್ಬಿಣದ ಕಡಿಮೆ ಶಕ್ತಿಯ ರೇಖೆಗಳ ಇಡೀ ಗುಂಪು ಆಚೆಗೆ ಹೋದವು. ಕಬ್ಬಿಣದ ಸಾವಿರ ಕೋಟಿ ಕೆಲ್ವಿನ್‌ನ ಪಕ್ಕದಲ್ಲಿ ಆಮ್ಲಜನಕದ ತಾಪಮಾನವನ್ನೂ ಇಟ್ಟು ನೋಡಿದ್ದರೆ, ದ್ರವ್ಯರಾಶಿಗೆ ತಕ್ಕಂತೆ ಕಾಯುತ್ತದೆ ಎಂಬ ನಿಯಮ ಅಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆಂದು ತಿಳಿಯುತ್ತಿತ್ತು. ಎನ್132ಡಿಯನ್ನು ಪಠ್ಯಗಳು ವರ್ಗೀಕರಿಸುವುದೇ ಆಮ್ಲಜನಕ ಸಮೃದ್ಧ ಅವಶೇಷವೆಂದು. ಆ ಆಮ್ಲಜನಕದ ಬೆಳಕು 1,60,000 ವರ್ಷ ಪಯಣಿಸಿ ಬಂದು ಸಂವೇದಕಕ್ಕೆ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಬೆರಿಲಿಯಂ ಹಾಳೆಯ ಈಚೆಗೇ ನಿಂತುಬಿಡುತ್ತಿದೆ.